ಗೋದಾವರಿ ದಂಡೆಯ ನಾಯಿ ಮತ್ತು ತಲೆಗೆ ಹತ್ತದ ಪದ್ಯ

"ಪದ್ಯ ಅಂದ್ರೆ ನಂಗೆ ತಲೆಗೇ ಹತ್ತಲ್ಲ ಮಾರಾಯ್ರೆ" ಅನ್ನುವವರಲ್ಲಿ ಎರಡು ವಿಧ. ನಿಜವಾಗಿಯೂ ಬೇಜಾರಿನಿಂದ ಹೇಳುವವರು ಒಂದು. ಇನ್ನೊಂದು, ಸ್ವಲ್ಪ ಹೆಮ್ಮೆಯಿಂದ ಹೇಳುವವರು. ನಾವು ಪ್ರಾಕ್ಟಿಕಲ್ ಜನ, ಇದೆಲ್ಲ ನಮಗ್ಯಾಕೆ ಅನ್ನುವ ಧಾಟಿ ಅವರದು. ಬ್ಯಾಂಕಿನಲ್ಲೇ ತಲೆ ಬೆಳ್ಳಗೆ ಮಾಡಿಕೊಂಡ ನನಗೆ ಎರಡನೆಯವರ ಒಡನಾಟವೇ ಜಾಸ್ತಿ.

ನಮ್ಮ ಕಸುಬೂ ಹಾಗೇ ಇದೆ ಬಿಡಿ. ಒಂದು ಮಾತಿಗೆ ಒಂದೇ ಅರ್ಥ, ಎರಡು ಬಂತೋ ಆಡಿಟ್ ಅಬ್ಜೆಕ್ಷನ್ನು! 1881ರ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟಿನ 18ನೇ ಸೆಕ್ಷನ್ ಪ್ರಕಾರ, ಚೆಕ್ಕಿನಲ್ಲಿ ಅಂಕಿಯ ಮೊತ್ತ ಒಂದು, ಅಕ್ಷರದ ಮೊತ್ತ ಇನ್ನೊಂದು ಇದ್ದರೆ ಅಕ್ಷರದ್ದೇ ಲೆಕ್ಕ. (ಕೌಂಟರಿನಲ್ಲಿ ಇಂಥ ಚೆಕ್ಕನ್ನು ವಾಪಸ್ ಕಳಿಸುವುದೇ ರೂಢಿ, ಅದು ಬೇರೆ ವಿಷಯ.) ಅಕ್ಷರದ ಮೇಲೆ ಕಾನೂನಿಗೆ ಅಷ್ಟು ಭರವಸೆ. ದಿನವಿಡೀ ಇಂಥ ಅಕ್ಷರ ಓದಿದವನ ಕೈಗೆ ಸಂಜೆ ಪದ್ಯದ ಪುಸ್ತಕ ಕೊಟ್ಟರೆ ಅವನು ಅದನ್ನೂ ಸರ್ಕ್ಯುಲರ್ ಓದಿದ ಹಾಗೇ ಓದುತ್ತಾನೆ. ತಪ್ಪೇನಿಲ್ಲ, ಅಭ್ಯಾಸ.

ಈಗ ನಾನಿರುವುದು ಬಿಡಕಿನ್ ಶಾಖೆಯಲ್ಲಿ. ಛತ್ರಪತಿ ಸಂಭಾಜಿನಗರದಿಂದ (2023ರವರೆಗೆ ಔರಂಗಾಬಾದ್) ಪೈಠಣಕ್ಕೆ ಹೋಗುವ ರಸ್ತೆಯಲ್ಲಿ ಸಿಗುವ ಊರು. ದೆಹಲಿ-ಮುಂಬೈ ಇಂಡಸ್ಟ್ರಿಯಲ್ ಕಾರಿಡಾರ್ ಅಂತ ಪೇಪರಿನಲ್ಲಿ ಓದಿರುತ್ತೀರಿ, ಅದರ ಶೇಂದ್ರಾ-ಬಿಡಕಿನ್ ಭಾಗ ಇಲ್ಲೇ. ಹತ್ತಿ, ತೊಗರಿ ಬೆಳೆಯುತ್ತಿದ್ದ ಕಪ್ಪು ಮಣ್ಣು ಪ್ಲಾಟುಗಳಾಗಿದೆ. ಇದೇ ರಸ್ತೆಯಲ್ಲಿ ಮುಂದೆ ಹೋದರೆ ಪೈಠಣ, ಗೋದಾವರಿ. ಪೈಠಣ ಅಂದರೆ ನಮ್ಮ ಹೆಂಗಸರಿಗೆ ಪೈಠಣಿ ಸೀರೆ, ಮರಾಠಿ ಜನಕ್ಕೆ ಏಕನಾಥ ಮಹಾರಾಜರು. ಆದರೆ ಈ "ಪದ್ಯ ಅರ್ಥವಾಗಲ್ಲ" ಅನ್ನುವ ದೂರಿನ ಚರಿತ್ರೆ ಬರೆಯುವುದಿದ್ದರೆ ಇಲ್ಲಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಅಂಬೋಣ.

ಪೈಠಣ ಹಿಂದೆ ಪ್ರತಿಷ್ಠಾನ, ಶಾತವಾಹನರ ರಾಜಧಾನಿ. ಆ ವಂಶದ ಹಾಲರಾಜನ ಹೆಸರಿನಲ್ಲಿ 'ಗಾಥಾಸಪ್ತಶತಿ' ಅಂತ ಪ್ರಾಕೃತ ಪದ್ಯಗಳ ಸಂಗ್ರಹವೊಂದಿದೆ. ಸುಮಾರು 700 ಬಿಡಿ ಪದ್ಯಗಳು, ಒಂದೊಂದು ಎರಡೇ ಸಾಲು. ಅರಮನೆ ಕಥೆಗಳಲ್ಲ. ಹೊಲ, ಹಳ್ಳಿ, ಅತ್ತೆ, ಸೊಸೆ, ದಾರಿಹೋಕರು, ಗೋದಾವರಿಯ ದಂಡೆ. ಅದರಲ್ಲಿ ಒಂದು ಪದ್ಯದ ಸಂಗತಿ ಇಷ್ಟು: ಹೆಂಗಸೊಬ್ಬಳು ಒಬ್ಬ ಧಾರ್ಮಿಕನಿಗೆ ಹೇಳುತ್ತಾಳೆ, ಇನ್ನು ನೀನು ಧೈರ್ಯವಾಗಿ ಓಡಾಡಬಹುದು, ನಿನ್ನನ್ನು ಹೆದರಿಸುತ್ತಿದ್ದ ಆ ನಾಯಿಯನ್ನು ಗೋದಾವರಿ ದಂಡೆಯ ಪೊದೆಯಲ್ಲಿರುವ ಸಿಂಹ ಇವತ್ತು ಕೊಂದುಹಾಕಿತು ಅಂತ. ಅಷ್ಟೇ. ಪದ್ಯ ಮುಗಿಯಿತು.

ಸರ್ಕ್ಯುಲರ್ ಓದುವವನ ಪ್ರಕಾರ ಇದು ಪರ್ಮಿಷನ್ ಲೆಟರ್. ಆದರೆ ಆ ಪೊದೆ ಅವಳು ತನ್ನ ಗೆಳೆಯನನ್ನು ಗುಟ್ಟಾಗಿ ಕಾಣುವ ಜಾಗ. ಈ ಮಹಾಶಯ ದಿನಾ ಹೂ ಕೊಯ್ಯಲು ಅಲ್ಲಿಗೇ ಬಂದು ವಕ್ಕರಿಸುತ್ತಾನೆ. ನಾಯಿಗೆ ಹೆದರುವವನಿಗೆ ಸಿಂಹ ಇದೆ ಅಂತ ಹೇಳುವುದು ಬಾ ಅಂತಲೋ, ಬರಬೇಡ ಅಂತಲೋ? ಬಾಯಲ್ಲಿ "ಬಾ", ಅರ್ಥದಲ್ಲಿ "ಈ ಕಡೆ ತಲೆ ಹಾಕಬೇಡ"!

ಸಾಲದ ಕಾಗದಕ್ಕೆ ಕಾಯುತ್ತ ಕೂತಿದ್ದ ಇಲ್ಲಿನ ರೈತರೊಬ್ಬರಿಗೆ ಒಮ್ಮೆ ಈ ಕಥೆಯನ್ನು ಮರಾಠಿಯಲ್ಲಿ ಹೇಳಿದೆ, ಗುಟ್ಟಿನ ಭಾಗ ಬಿಟ್ಟು. ಅವರು ನಕ್ಕು, "ಅಲ್ಲಿ ಅವಳದ್ದೇನೋ ಕೆಲಸ ಇರಬೇಕು ಸಾಹೇಬ್ರೇ" ಅಂದರು. ಎಂಬಿಎ ಓದಿದ ನಮ್ಮ ಯುವ ಆಫೀಸರ್ ಮಾತ್ರ "ಸಿಂಹ ಮಹಾರಾಷ್ಟ್ರದಲ್ಲಿ ಎಲ್ಲಿತ್ತು ಸರ್?" ಅಂತ ಕೇಳಿದ. ಒಳ್ಳೆಯ ಹುಡುಗ, ರಿಕವರಿಯಲ್ಲಿ ಎತ್ತಿದ ಕೈ. ಆದರೆ ಪದ್ಯ ಅರ್ಥವಾಗುವುದಕ್ಕೂ ಡಿಗ್ರಿಗೂ ಸಂಬಂಧವಿಲ್ಲ ಅನ್ನುವುದು ನನಗೆ ಆಗ ಖಾತ್ರಿಯಾಯಿತು.

ಗೋದಾವರಿಯ ಈ ಪುಟ್ಟ ಪದ್ಯ ಎಲ್ಲಿಯವರೆಗೆ ಹೋಯಿತು ನೋಡಿ. 9ನೇ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ 'ಧ್ವನ್ಯಾಲೋಕ' ಬರೆದಾಗ, ಕಾವ್ಯದಲ್ಲಿ ಆಡಿದ ಮಾತೇ ಬೇರೆ, ಹೊಳೆಯುವ ಅರ್ಥವೇ ಬೇರೆ ಅಂತ ತೋರಿಸಲು ಎತ್ತಿಕೊಂಡ ಉದಾಹರಣೆಗಳಲ್ಲಿ ಇದು ಮುಖ್ಯವಾದದ್ದು. ಆ ಹೊಳೆಯುವ ಅರ್ಥಕ್ಕೆ ಅವನಿಟ್ಟ ಹೆಸರು ಧ್ವನಿ. ಅದನ್ನು ಹಿಡಿಯಬಲ್ಲವನು ಸಹೃದಯ. ಅವನ ವ್ಯಾಖ್ಯಾನಕಾರ ಅಭಿನವಗುಪ್ತನ ಪ್ರಕಾರ ಸಹೃದಯನಾಗುವುದು ಹುಟ್ಟಿನಿಂದಲ್ಲ, ಕಾವ್ಯದ ಒಡನಾಟದಿಂದ ಮನಸ್ಸು ತಿಳಿಯಾಗಿ. ಅಂದರೆ ಎಲ್ಲರಿಗೂ ಮೊದಲ ಓದಿಗೆ ದಕ್ಕುವುದಿಲ್ಲ ಅನ್ನುವುದು ಆಗಲೇ ಗೊತ್ತಿತ್ತು. (ಬಿಕಾಂ ಮಾಡಿದವನಿಗೆ ಇದೆಲ್ಲ ಹೇಗೆ ಗೊತ್ತು ಅಂತ ಕೇಳಬೇಡಿ. ತೀ.ನಂ.ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' ಅಂತ ಒಂದು ಪುಸ್ತಕವಿದೆ, ಕೊಂಡು ಓದಿ.) ಇನ್ನೊಂದು ಮಾತು. ಗಾಥೆಯನ್ನು ಯಾರು ಯಾರಿಗೆ ಹೇಳಿದ್ದು ಅಂತ ಪದ್ಯದೊಳಗೆ ಎಲ್ಲವೂ ಇರುವುದಿಲ್ಲ. ಹಳೆಯ ಟೀಕಾಕಾರರು ಒಂದೊಂದಕ್ಕೂ ಸಂದರ್ಭ ಕೊಡುತ್ತ ಹೋಗಿದ್ದಾರೆ. ಆ ಕಾಲದ ಓದುಗನಿಗೂ ಪಕ್ಕದಲ್ಲಿ ಒಬ್ಬ ಬೇಕಿತ್ತು.

ಈಗ ನಮ್ಮ ಕಡೆಗೆ ಬನ್ನಿ. ಅದೇ 9ನೇ ಶತಮಾನ, ಸುಮಾರು 850. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ 'ಕವಿರಾಜಮಾರ್ಗ' ಹುಟ್ಟಿತು. ರಾಜಧಾನಿ ಮಾನ್ಯಖೇಟ, ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ಇದೇ ವಂಶದ ಕೃಷ್ಣನ ಕಾಲದ ಕೈಲಾಸ ದೇವಾಲಯ ಇರುವುದು ಇಲ್ಲೇ ಎಲ್ಲೋರದಲ್ಲಿ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಅಂತ ನಾವೆಲ್ಲ ಸ್ಕೂಲಿನಲ್ಲಿ ಉರು ಹೊಡೆದದ್ದು ಆ ಗ್ರಂಥದ ಮಾತೇ. ಗಡಿ ತಕರಾರಿಗೆ ಹೇಳುತ್ತಿಲ್ಲ ಮತ್ತೆ! ಆ ಪುಸ್ತಕದಲ್ಲಿ ಧ್ವನಿಯೂ ಬರುತ್ತದೆ, ಒಂದು ಅಲಂಕಾರವಾಗಿ. ಕಾಶ್ಮೀರದ ಚರ್ಚೆ ಅಷ್ಟು ಬೇಗ ಇಲ್ಲಿಗೆ ಮುಟ್ಟಿತ್ತೇ ಅಂತ ವಿದ್ವಾಂಸರು ಇನ್ನೂ ಜಗ್ಗಾಡುತ್ತಾರೆ.

ನನಗೆ ಅದಕ್ಕಿಂತ ಮಜಾ ಅನಿಸುವುದು ಬೇರೆ. ನಾವು ಹಳಗನ್ನಡ ಕಬ್ಬಿಣದ ಕಡಲೆ ಅಂತ ಗೊಣಗುತ್ತೇವಲ್ಲ, ಆ ಹಳಗನ್ನಡದ ಮೊದಲ ಪುಸ್ತಕವೇ ತನಗಿಂತ ಹಿಂದಿನದನ್ನು ಪಳಗನ್ನಡ ಅಂತ ಕರೆದು, ಅದನ್ನು ಈಗಿನ ಕಾವ್ಯದಲ್ಲಿ ತುರುಕಬೇಡಿ, ಸ್ವಾರಸ್ಯ ಕೆಡುತ್ತದೆ ಅನ್ನುತ್ತದೆ! ಹಳೆಯದು ತಿಳಿಯುವುದಿಲ್ಲ ಅನ್ನುವ ದೂರಿಗೆ ಕನ್ನಡದಲ್ಲಿ ಕನಿಷ್ಠ 1,100 ವರ್ಷ ವಯಸ್ಸು. 13ನೇ ಶತಮಾನದ ಆಂಡಯ್ಯನದು ಇನ್ನೂ ತಮಾಷೆ. ಸಂಸ್ಕೃತದ ತತ್ಸಮ ಪದಗಳೇ ಇಲ್ಲದೆ ಬರೀ ಅಚ್ಚಗನ್ನಡದಲ್ಲಿ ಬರೆಯುತ್ತೇನೆ ಅಂತ ಹಠ ಹಿಡಿದು 'ಕಬ್ಬಿಗರ ಕಾವ' ಬರೆದ. ಇವತ್ತು ನನ್ನಂಥವನಿಗೆ ಅದು ಸಂಸ್ಕೃತ ತುಂಬಿದ ಕಾವ್ಯಕ್ಕಿಂತ ಕಷ್ಟ, ಯಾಕೆಂದರೆ ಆ ಅಚ್ಚಗನ್ನಡ ಪದಗಳೇ ನಮ್ಮ ಬಾಯಿಂದ ಬಿದ್ದುಹೋಗಿವೆ. ಸರಳ ಅನ್ನುವುದೂ ಹಳತಾಗುತ್ತದೆ.

ಮರಾಠಿಯವರಿಗೂ ಇದೇ ಪಾಡು. ಜ್ಞಾನೇಶ್ವರರ ಹುಟ್ಟೂರು ಅಂತ ಹೇಳುವ ಆಪೇಗಾವ್ ಪೈಠಣದ ಹತ್ತಿರವೇ ಇದೆ. ಗೀತೆ ಸಂಸ್ಕೃತದಲ್ಲಿದೆ, ಜನಕ್ಕೆ ತಿಳಿಯುವುದಿಲ್ಲ ಅಂತಲೇ ಅವರು 1290ರಲ್ಲಿ ನೇವಾಸೆಯಲ್ಲಿ 700 ಶ್ಲೋಕಗಳನ್ನು ಸುಮಾರು 9,000 ಮರಾಠಿ ಓವಿಗಳಾಗಿ ಬಿಡಿಸಿ ಹೇಳಿದರು. ತಿಳಿಯಲಿ ಅಂತ ಬರೆದ ಆ ಪುಸ್ತಕಕ್ಕೆ ಮುನ್ನೂರು ವರ್ಷದೊಳಗೆ ಏನಾಯಿತು? ಪ್ರತಿ ಮಾಡಿದವರು ಒಬ್ಬೊಬ್ಬರು ಒಂದೊಂದು ರೀತಿ ಬರೆದು ಪಾಠವೇ ಕಲಸುಮೇಲೋಗರ. 1584ರಲ್ಲಿ ಪೈಠಣದ ಏಕನಾಥರು ಹಲವು ಪ್ರತಿಗಳನ್ನಿಟ್ಟುಕೊಂಡು ತಾಳೆ ನೋಡಿ ಶುದ್ಧ ಮಾಡಿದರು. ಯಾರೂ ನಡುವೆ ತಮ್ಮದೊಂದು ಓವಿ ಸೇರಿಸಕೂಡದು ಅಂತ ಎಚ್ಚರಿಕೆಯನ್ನೂ ಕೊನೆಗೆ ಬರೆದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ರಿಕನ್ಸಿಲಿಯೇಶನ್ ಮಾಡಿ ಪುಸ್ತಕ ಕ್ಲೋಸ್ ಮಾಡಿದರು! ಇಷ್ಟಾದರೂ ಇವತ್ತಿನ ಮರಾಠಿಯವನು ಮೂಲವನ್ನು ನೇರ ಓದಲಾರ, ಅಂಗಡಿಯಲ್ಲಿ 'ಸಾರ್ಥ', ಅಂದರೆ ಅರ್ಥಸಹಿತ ಜ್ಞಾನೇಶ್ವರಿಯನ್ನೇ ಕೇಳಿ ಕೊಳ್ಳುತ್ತಾನೆ.

ಹಾಗಂತ ಜ್ಞಾನೇಶ್ವರಿ ಸತ್ತಿದೆಯೇ? ಇಲ್ಲ. ಇಲ್ಲಿನ ಹಳ್ಳಿಗಳಲ್ಲಿ ಸಪ್ತಾಹ ನಡೆಯುತ್ತದೆ. ಏಳು ದಿನ ಪಾರಾಯಣ, ರಾತ್ರಿ ಕೀರ್ತನೆ. ಓದುವವರು ಓದುತ್ತಾರೆ, ಒಬ್ಬರು ನಿಂತು ಬಿಡಿಸಿ ಹೇಳುತ್ತಾರೆ, ಜನ ನಗುತ್ತಾರೆ, ಅಳುತ್ತಾರೆ. ಏಕನಾಥರ ಭಾರುಡಗಳೂ ಹಾಗೇ. ಚೇಳು ಕಚ್ಚಿತು ಅಂತ ಕುಣಿದು ಕಿರುಚಾಡುವ ಭಾರುಡ ನೋಡಿದರೆ ಮೊದಲು ಬರೀ ಕಾಮಿಡಿ. ಆಮೇಲೆ ಆ ಚೇಳು ಕಾಮಕ್ರೋಧ ಅಂತ ಅದರಲ್ಲೇ ಬಿಚ್ಚಿಕೊಳ್ಳುತ್ತದೆ. ಆನಂದವರ್ಧನ ಪಂಡಿತರಿಗೆ ಹೇಳಿದ್ದನ್ನು ನಾಥರು ಸಂತೆಯ ಜನಕ್ಕೆ ಮಾಡಿ ತೋರಿಸಿದರು ಅಂದರೆ ಬಹಳ ತಪ್ಪಾಗಲಿಕ್ಕಿಲ್ಲ.

ನಮ್ಮಲ್ಲೂ ಇದ್ದದ್ದು ಅದೇ, ಗಮಕ. ನಾನು ಶಿವಮೊಗ್ಗ ಸೀಮೆಯವನು. ತುಂಗೆಯ ಆಚೀಚೆಯ ಮತ್ತೂರು, ಹೊಸಹಳ್ಳಿ ನಿಮಗೆ ಗೊತ್ತಿರಬೇಕು. ಆ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕದಲ್ಲಿ ಒಬ್ಬರು ಕುಮಾರವ್ಯಾಸನನ್ನು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಭಾಮಿನಿ ಷಟ್ಪದಿಯ ಅರ್ಧ ಅರ್ಥ ರಾಗದಲ್ಲೇ ಬಂದುಬಿಡುತ್ತದೆ. ಎಲ್ಲಿ ನಿಲ್ಲಿಸಬೇಕು, ಯಾವ ಪದ ಒಡೆಯಬೇಕು, ಎಲ್ಲಿ ಮಾತು ಕುಹಕ, ಎಲ್ಲಿ ಸಂಕಟ ಅನ್ನುವುದನ್ನು ಗಂಟಲೇ ಹೇಳುತ್ತದೆ. ಉಳಿದರ್ಧ ವ್ಯಾಖ್ಯಾನಕಾರರದ್ದು. ಓದಲು ಬಾರದ ಅಜ್ಜಿಯರಿಗೆ ಇಡೀ ಭಾರತ ಕಂಠಸ್ಥ ಇತ್ತಲ್ಲ, ಅವರು ಒಂಟಿಯಾಗಿ ಪುಸ್ತಕ ಹಿಡಿದು ಕೂತವರಲ್ಲ.

ಪದ್ಯ ಕಷ್ಟವಾಗಿದ್ದು ಅದು ಮೌನ ಓದಿಗೆ ಬಂದಮೇಲೆ ಅನ್ನುವುದು ನನ್ನ ಗುಮಾನಿ. ಅಚ್ಚು ಬಂತು, 1894ರಲ್ಲಿ ಕಿಟ್ಟೆಲರ ನಿಘಂಟು ಬಂತು. ದೊಡ್ಡ ಉಪಕಾರವೇ. ಆದರೆ ಜಗಲಿ ಖಾಲಿಯಾಗಿ ಓದುಗನೊಬ್ಬ, ಪುಸ್ತಕವೊಂದು, ನಿಘಂಟೊಂದು ಉಳಿಯಿತು. ನಿಘಂಟು ಪದದ ಅರ್ಥ ಹೇಳೀತು, ಸಿಂಹದ ಗುಟ್ಟು ಹೇಳುವುದಿಲ್ಲ.

ನಂತರ ಬಂದದ್ದು ನವ್ಯ. 1922ರಲ್ಲಿ ಎಲಿಯಟ್ 'ದಿ ವೇಸ್ಟ್ ಲ್ಯಾಂಡ್' ಪುಸ್ತಕ ತಂದಾಗ ಕೊನೆಗೆ ತಾನೇ ಟಿಪ್ಪಣಿಗಳನ್ನು ಹಚ್ಚಿದ. ವ್ಯಾಖ್ಯಾನಕಾರರ ಕೆಲಸವೂ ಕವಿಯ ತಲೆಗೇ ಬಂತು! ಮರಾಠಿಯಲ್ಲಿ ಮರ್ಢೇಕರರ 'ಕಾಹೀ ಕವಿತಾ' 1947ರಲ್ಲಿ ಬಂದಾಗ ಅಶ್ಲೀಲ ಅಂತ ಕೇಸು ಬಿತ್ತು (ಖುಲಾಸೆಯಾದರು), ಅದರ ಜೊತೆ 'ದುರ್ಬೋಧ' ಅನ್ನುವ ಹಣೆಪಟ್ಟಿಯೂ ಅಂಟಿತು. ಪೀಪಾಯಿಯಲ್ಲಿ ಸತ್ತ ಇಲಿಗಳ ಬಗ್ಗೆ ಪದ್ಯ ಬರೆದರೆ ಜನ ಏನಂತಾರೆ? ನಮ್ಮಲ್ಲಿ ಗೋಪಾಲಕೃಷ್ಣ ಅಡಿಗರು. ಅವರ ಮುರಳಿಯ ಹಾಡನ್ನು ಕಾರಿನಲ್ಲಿ ಹಾಕಿಕೊಂಡು ಕಣ್ಣೊರೆಸಿಕೊಳ್ಳುವ ನಾವೇ 1959ರ 'ಭೂಮಿಗೀತ'ದ ಎರಡನೇ ಪುಟಕ್ಕೆ ಪುಸ್ತಕ ಮುಚ್ಚುತ್ತೇವೆ. ಕವಿ ಒಬ್ಬನೇ. ಒಂದಕ್ಕೆ ಹಾಡುವ ಗಂಟಲು ಸಿಕ್ಕಿತು, ಇನ್ನೊಂದು ನಮ್ಮ ಜೊತೆ ಬರಿಗೈಯಲ್ಲಿ ಉಳಿಯಿತು.

ಬೇಂದ್ರೆಯವರ ಕಥೆ ಇನ್ನೂ ಚೆಂದ. ಧಾರವಾಡದ ಮಾತು ಬಲ್ಲವರಿಗೆ ಸಲೀಸಾದ ಸಾಲು ನಮ್ಮ ಮೈಸೂರು ಕಡೆಯವರಿಗೆ ಒಗಟು. 1944ರಿಂದ 1956ರವರೆಗೆ ಅವರು ಇದೇ ಮಹಾರಾಷ್ಟ್ರದ ಸೊಲ್ಲಾಪುರದಲ್ಲಿ ಕಾಲೇಜು ಮೇಷ್ಟ್ರು. ಅವರ ಬಾಯಿಂದಲೇ ಪದ್ಯ ಕೇಳಿದವರು ಅರ್ಥವಾಗಲಿಲ್ಲ ಅಂತ ಹೇಳಿದ್ದನ್ನು ನಾನು ಕೇಳಿಲ್ಲ, ಪುಸ್ತಕ ಹಿಡಿದವರು ಹೇಳಿದ್ದನ್ನು ಬೇಕಾದಷ್ಟು ಕೇಳಿದ್ದೇನೆ.

ಎಲ್ಲಾ ತಪ್ಪು ಓದುಗನದ್ದೇ ಅಂತ ನಾನು ಹೇಳುವುದಿಲ್ಲ. ಹೇಳಲು ಏನೂ ಇಲ್ಲದೆ ಕಷ್ಟಪಟ್ಟು ಕಷ್ಟವಾಗಿ ಬರೆಯುವವರೂ ಇದ್ದಾರೆ. ಅಂಥ ಪೊದೆಯಲ್ಲಿ ಹುಡುಕಿದರೆ ಸಿಂಹವೂ ಇಲ್ಲ, ಗೆಳೆಯನೂ ಇಲ್ಲ.

ನಮ್ಮಂಥ ಹೊರನಾಡಿನವರಿಗೆ ಇನ್ನೊಂದು ತೊಡಕಿದೆ. ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಓದು ಇಂಗ್ಲಿಷ್, ಗೆಳೆತನ ಮರಾಠಿ. ಅಡಿಕೆ ದೋಟಿ, ಕಂಬಳಿ ಕೊಪ್ಪೆ, ಸುಗ್ಗಿ ಇವನ್ನು ಅವರು ಕಂಡೇ ಇಲ್ಲ. ಧ್ವನಿಯ ಮಾತು ಹಾಗಿರಲಿ, ವಸ್ತುವೇ ಗೊತ್ತಿಲ್ಲ. ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರುವ ಏಳೆಂಟು ಕನ್ನಡ ಸಂಸಾರಗಳಲ್ಲಿ ಹೋದ ವರ್ಷ ಒಂದು ಪ್ರಸ್ತಾಪ ಬಂತು: ಪದ್ಯ ಬಿಟ್ಟುಬಿಡೋಣ, ಹುಡುಗರು ಓಡಿಹೋಗುತ್ತಾರೆ, ಭಾವಗೀತೆ ಮತ್ತು ನಗೆಹನಿ ಸಾಕು. ಹಿರಿಯರೊಬ್ಬರು ಬಿಡಲಿಲ್ಲ. ಅವರಿಗೆ ಗಮಕ ಅಲ್ಪಸ್ವಲ್ಪ ಬರುತ್ತದೆ. ವಿರಾಟಪರ್ವದ ಉತ್ತರಕುಮಾರನನ್ನು ತೆಗೆದುಕೊಂಡರು. ಹೆಂಗಸರ ಮುಂದೆ ಬಡಾಯಿ ಕೊಚ್ಚಿ, ಕೌರವ ಸೇನೆ ಕಂಡೊಡನೆ ರಥದಿಂದ ಹಾರಿ ಓಡುವ ಆ ರಾಜಕುಮಾರ. ಅವರು ಹತ್ತು ನಿಮಿಷ ವಾಚಿಸುವುದು, ನಾನು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಬಿಡಿಸುವುದು. ಮೂರನೇ ತಿಂಗಳಿಗೆ ಹುಡುಗರು, ನಾನು ಬಾಯಿ ತೆರೆಯುವ ಮೊದಲೇ, ಬರೀ ರಾಗ ಕೇಳಿಯೇ ನಗಲು ಶುರು ಮಾಡಿದರು. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು, "ಅಂಕಲ್, ಅವನು ಓಡಿದಾಗ ಬೃಹನ್ನಳೆಗೆ ನಗು ಬಂತಾ, ಪಾಪ ಅನಿಸ್ತಾ?"

ಮುಂದಿನ ತಿಂಗಳು ಅದನ್ನೇ ಇನ್ನೊಮ್ಮೆ ಓದುವುದು ಅಂತ ತೀರ್ಮಾನವಾಗಿದೆ.