ಕಯಾಕಿನ ಕಂಠ: ಮರದ ಬಾಗು ಮತ್ತು ಬಾಯಿಯ ಆಕಾರ

ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟುವವರಿಗೆ ದಾರ ಎಲ್ಲಿ ಕೂರಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಹೊರಚಾಚಿದ ತುಟಿಯ ಕೆಳಗೆ, ಕಂಠದ ಸುತ್ತ ಅದು ತಾನಾಗಿ ಕೂರುತ್ತದೆ. ತುಟಿಯೇ ಇಲ್ಲದ ಪಾತ್ರೆಯಾದರೆ ಎಷ್ಟು ಬಿಗಿದರೂ ಜಾರುತ್ತದೆ. ಕಯಾಕ್ ಎಂಬ ಕಿರಿದಾದ ದೋಣಿಯಲ್ಲಿ, ಕೂರುವವರ ಸೊಂಟದ ಸುತ್ತ ಡೆಕ್ಕಿನ ಮೇಲೆ ಎದ್ದು ನಿಲ್ಲುವ ಮರದ ಬಳೆಯ ಕೆಲಸವೂ ಇದೇ. ಹುಟ್ಟು ಹಾಕುವವರು ಲಂಗದಂತೆ ತೊಟ್ಟ ನೀರುತಡೆ ಬಟ್ಟೆಯ ಅಂಚಿನಲ್ಲಿ ಎಲಾಸ್ಟಿಕ್ ಹುರಿ ಇರುತ್ತದೆ; ಅದು ಈ ಬಳೆಯ ತುಟಿಯಡಿ ಸಿಕ್ಕಿಕೊಂಡರೆ ಅಲೆ ಮೇಲೆ ಬಿದ್ದರೂ ನೀರು ಒಳಗೆ ಇಳಿಯದು. ಇಂಗ್ಲಿಷಿನ ನಾವಿಕರು ಇದನ್ನು ‘ಕೋಮಿಂಗ್’ ಎನ್ನುತ್ತಾರೆ. ಬಾವಿಕಟ್ಟೆಯ ನೆನಪಿನಿಂದ ‘ಕಟ್ಟೆ’ ಎನ್ನಬಹುದಿತ್ತು. ಆದರೆ ಕಟ್ಟೆ ನೀರನ್ನು ತಡೆಯುತ್ತದೆಯೇ ಹೊರತು ಬಟ್ಟೆಯನ್ನು ಹಿಡಿಯುವುದಿಲ್ಲ. ಹಾಗಾಗಿ ಇಡೀ ರಚನೆಗೆ ‘ಕಂಠ’ ಎಂದೂ ಅದರ ಹೊರಚಾಚಿಗೆ ‘ತುಟಿ’ ಎಂದೂ ಈ ಲೇಖನದಲ್ಲಿ ಹೆಸರಿಟ್ಟುಕೊಂಡಿದ್ದೇನೆ.

ಕಂಠದ ಆಕಾರವನ್ನು ಕೂರುವವರ ಮೈಯಳತೆ ನಿರ್ಧರಿಸುತ್ತದೆ ಎಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಅದು ಅರ್ಧ ನಿಜ. ಮರ ಎಷ್ಟು ಬಾಗಬಲ್ಲದು ಎಂಬುದೂ ಅಷ್ಟೇ ನಿರ್ಣಾಯಕ, ಹಾಗೂ ಮನೆಯಲ್ಲಿ ದೋಣಿ ಕಟ್ಟುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಗ್ರೀನ್‌ಲ್ಯಾಂಡಿನಿಂದ ಆರಂಭಿಸೋಣ. ಅಲ್ಲಿನ ಇನ್ಯೂಟ್ ಬೇಟೆಗಾರರ ಕಯಾಕ್ ಮರದ ಚೌಕಟ್ಟಿನ ಮೇಲೆ ಸೀಲ್ ಚರ್ಮ ಹೊಲಿದ ದೋಣಿ. ಗಿಡಮರ ವಿರಳವಾದ ಆ ನಾಡಿಗೆ ಮರ ಒದಗಿಸಿದ್ದು ಕಡಲು: ಸೈಬೀರಿಯದ ನದಿಗಳು ಕೊಚ್ಚಿ ತಂದ ಸ್ಪ್ರೂಸ್, ಲಾರ್ಚ್, ಪೈನ್ ದಿಮ್ಮಿಗಳು ಆರ್ಕ್ಟಿಕ್ ಸಾಗರದ ಹಿಮದಲ್ಲಿ ಸಿಕ್ಕಿ, ತೇಲಿ, ದಡ ಸೇರುತ್ತಿದ್ದವು. ಕಂಠದ ಮುಂಭಾಗವು ‘ಮಾಸಿಕ್’ ಎಂಬ ಕಮಾನಿನಾಕಾರದ ಅಡ್ಡತೊಲೆಯ ಮೇಲೆ ಒರಗುತ್ತದೆ, ಹಿಂಭಾಗ ತಗ್ಗಿನಲ್ಲಿರುತ್ತದೆ. ಬಳೆಯನ್ನು ಚೌಕಟ್ಟಿಗೆ ಬಿಗಿಯುತ್ತಿರಲಿಲ್ಲ. ಅದನ್ನು ಚರ್ಮಕ್ಕೆ ಹೊಲಿಯುತ್ತಿದ್ದರು, ಚರ್ಮದ ಬಿಗುವೇ ಅದನ್ನು ಹಿಡಿದಿಡುತ್ತಿತ್ತು. ಬೇಟೆಗಾರ ಹಿಂಬದಿಯ ಡೆಕ್ಕಿನ ಮೇಲೆ ಕೂತು, ಎರಡೂ ಕಾಲು ನೀಳವಾಗಿ ಚಾಚಿ ಒಳಗೆ ಜಾರುತ್ತಿದ್ದ. ಅವನ ತೊಡೆಗಳು ಮಾಸಿಕ್ಕಿಗೆ ಒತ್ತಿಕೊಳ್ಳುತ್ತಿದ್ದವು. ಆಡ್ನಿ ಮತ್ತು ಚಾಪೆಲ್ ಅವರ, 1964ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ತೊಗಟೆ ಹಾಗೂ ಚರ್ಮದ ದೋಣಿಗಳ ಗ್ರಂಥವನ್ನೂ, ಗ್ರೀನ್‌ಲ್ಯಾಂಡಿನ ಚರ್ಮದೋಣಿಗಳ ಬಗ್ಗೆ ಎಚ್. ಸಿ. ಪೀಟರ್ಸನ್ ಅವರ 1986ರ ಗ್ರಂಥವನ್ನೂ ಎದುರಿಗಿಟ್ಟುಕೊಂಡು ನೋಡಿದರೆ ಒಡಲಿನ ರೂಪ ಊರೂರಿಗೆ ಬದಲಾಗುವುದು ಕಾಣುತ್ತದೆ. ಕಂಠ ಮಾತ್ರ ಬಹುಮಟ್ಟಿಗೆ ಚಿಕ್ಕದಾಗಿ, ದುಂಡಗೋ ಮೊಟ್ಟೆಯಾಕಾರದಲ್ಲೋ ಉಳಿಯುತ್ತದೆ. ತಣ್ಣೀರಿನ ಕಡಲಲ್ಲಿ ಚಿಕ್ಕ ಬಾಯಿ ಸುರಕ್ಷಿತ ಎಂಬುದು ಒಂದು ಕಾರಣ. ಬಾಯಿ ದುಂಡಗಿರುವುದಕ್ಕೆ ಕಾರಣ ಲೆಕ್ಕದಲ್ಲಿದೆ.

ಪಟ್ಟಿಯೊಂದನ್ನು ಬಾಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಹೊರಮೈ ಎಷ್ಟು ಹಿಗ್ಗಿತು ಎಂದು ತಿಳಿಯಲು ಪಟ್ಟಿಯ ದಪ್ಪವನ್ನು ಬಾಗಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದರೆ ಸಾಕು. 40 ಸೆಂ.ಮೀ. ಅಗಲದ ದುಂಡು ಕಂಠದ ತ್ರಿಜ್ಯ 200 ಮಿ.ಮೀ. ಅದಕ್ಕೆ 12 ಮಿ.ಮೀ. ದಪ್ಪದ ಪಟ್ಟಿ ಬಾಗಿಸಿದರೆ ಹಿಗ್ಗು ನೂರಕ್ಕೆ 3, 6 ಮಿ.ಮೀ. ಆದರೆ 1.5, 3 ಮಿ.ಮೀ. ಆದರೆ 0.75. ಒಣಮರದ ನಾರು ನೂರಕ್ಕೆ ಒಂದರ ಆಸುಪಾಸಿನಲ್ಲೇ ಸಿಬಿರೆದ್ದು ಹರಿಯುತ್ತದೆ. ಅಂದರೆ 3 ಮಿ.ಮೀ. ಪಟ್ಟಿ ತಣ್ಣಗೇ ಬಾಗುತ್ತದೆ, 12 ಮಿ.ಮೀ. ಪಟ್ಟಿ ಲಟಕ್ಕೆಂದು ಮುರಿಯುತ್ತದೆ.

ಹಬೆ ಇಲ್ಲಿ ಒಂದು ವಿಚಿತ್ರ ರಿಯಾಯಿತಿ ಕೊಡುತ್ತದೆ. ನಾರುಗಳನ್ನು ಬೆಸೆದಿರುವ ಲಿಗ್ನಿನ್ ಎಂಬ ಅಂಟು ಒದ್ದೆ ಬಿಸಿಯಲ್ಲಿ ಮೆದುವಾಗುತ್ತದೆ. ಆಗ ಮರ ಕುಗ್ಗಲು ತಯಾರು. ಹಿಗ್ಗಲು ಮಾತ್ರ ಮೊದಲಿನಷ್ಟೇ ಜಿಪುಣ. ಬೀಚ್, ಆ್ಯಶ್‌ನಂಥ ಮರಗಳ ಒಳಮೈ ನೂರಕ್ಕೆ 25ರ ಆಸುಪಾಸಿನವರೆಗೂ ಕುಗ್ಗಬಲ್ಲದು, ಹೊರಮೈ ಎರಡರ ಆಚೆ ಹೋಗದು. ಜರ್ಮನ್ ಮೂಲದ ಬಡಗಿ ಮಿಖಾಯೆಲ್ ಥೋನೆಟ್ ಗೆದ್ದದ್ದು ಇದನ್ನು ತಿಳಿದೇ. ಬಾಗುವ ಮರದ ಹೊರಮೈಗೆ ಲೋಹದ ಪಟ್ಟಿ ಬಿಗಿದು, ಹಿಗ್ಗುವ ಹೊರೆಯನ್ನು ಲೋಹಕ್ಕೆ ಹೊರಿಸಿ, ಮರವನ್ನು ಕುಗ್ಗುವಂತೆ ಮಾಡಿದ. 1859ರ ಅವನ ‘14ನೇ ನಂಬರ್’ ಕುರ್ಚಿಯ ದುಂಡು ಬೆನ್ನು ಆ ಉಪಾಯದ ಫಲ. ಕಯಾಕಿನ ಕಂಠವನ್ನು ಹಬೆಯಲ್ಲಿ ಬಾಗಿಸುವವರಿಗೂ ಇದೇ ಉಪಾಯ ಸಾಕು. 25 ಮಿ.ಮೀ. ದಪ್ಪಕ್ಕೆ ಒಂದು ಗಂಟೆ ಹಬೆ ಎಂಬುದು ಬಡಗಿಗಳ ರೂಢಿಯ ಅಳತೆ. ಪೆಟ್ಟಿಗೆಯಿಂದ ತೆಗೆದ ಮೇಲೆ ಕೈಗೆ ಸಿಗುವುದು ಒಂದು ನಿಮಿಷವೂ ಇಲ್ಲ. ಭಟ್ಟಿಯಲ್ಲಿ ಒಣಗಿಸಿದ ಮರ ಎಷ್ಟು ಬೇಯಿಸಿದರೂ ಮೊಂಡು. ಗಾಳಿಯಲ್ಲಿ ಒಣಗಿದ, ಒಳಗೆ ಇನ್ನೂ ಪಸೆ ಇರುವ ಮರವೇ ಬೇಕು. ಶಂಕುಧಾರಿ ಮರಗಳು ಹಬೆಗೂ ಸುಲಭವಾಗಿ ಮಣಿಯವು. ತೇಲಿಬಂದ ಸ್ಪ್ರೂಸನ್ನೇ ನೆಚ್ಚಿದವರು ಬಳೆಯನ್ನು ತೆಳುವಾಗಿ, ಬಾಗನ್ನು ಉದಾರವಾಗಿ ಇಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಕನ್ನಡ ನಾಡಿನ ಹರಿಗೋಲಿನ ನೆನಪು ಇಲ್ಲಿ ಬಾರದಿರದು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್, ಹೊಳೆ ದಾಟಿಸುವ ಬುಟ್ಟಿಯಾಕಾರದ, ಚರ್ಮ ಹೊದಿಸಿದ ದೋಣಿಗಳನ್ನು ವರ್ಣಿಸಿದ್ದಾನೆ. ಅದೂ ಚರ್ಮದೋಣಿಯೇ. ಹರಿಗೋಲಿನಲ್ಲಿ ಅಂಚಿನ ಬಿದಿರುಬಳೆ ಇಡೀ ದೋಣಿಯ ಆಕಾರವನ್ನು ಹಿಡಿದಿಡುತ್ತದೆ. ಕಯಾಕಿನಲ್ಲಿ ಅದು ಒಂದು ತೂತಿನ ಅಂಚು ಅಷ್ಟೆ. ಹಸಿ ಬಿದಿರಿನ ಸೀಳಿಗೆ ಹಬೆಯ ಹಂಗೂ ಇಲ್ಲ.

ಹಬೆ ಬೇಡವೆನ್ನುವವರ ಎರಡನೆಯ ದಾರಿ ಪದರ ಕಟ್ಟುವುದು. 3 ಮಿ.ಮೀ.ನ ನಾಲ್ಕು ಪಟ್ಟಿಗಳನ್ನು ಎಪಾಕ್ಸಿ ಅಂಟು ಸವರಿ ಅಚ್ಚಿನ ಸುತ್ತ ಒಂದರ ಮೇಲೊಂದು ಸುತ್ತಿದರೆ 12 ಮಿ.ಮೀ. ಬಳೆ ಸಿದ್ಧ. ಅಚ್ಚಿನಿಂದ ತೆಗೆದಾಗ ಬಳೆ ಹಿಂದಕ್ಕೆ ಬಿರಿಯುವ ಪ್ರಮಾಣ ಪದರಗಳ ಸಂಖ್ಯೆಯ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: ನಾಲ್ಕು ಪದರಕ್ಕೆ ಸುಮಾರು ಹದಿನಾರನೇ ಒಂದು. ಪಟ್ಟಿಗಳ ಕೊನೆಗಳನ್ನು ಒಂದೇ ಜಾಗದಲ್ಲಿ ಕೂಡಿಸಬಾರದು. ಕೂಡಿಸಿದರೆ ಅಲ್ಲಿ ಮೂಲೆ ಏಳುತ್ತದೆ.

ಇಂದಿನ ಕಯಾಕುಗಳ ಬಾಯಿ ಮಾತ್ರ ದುಂಡಗಿಲ್ಲ. ಮಂಡಿ ಮೇಲೆತ್ತಿ ಕೂರಲು ಅನುಕೂಲವಾಗುವಂತೆ ಸುಮಾರು 80 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, ಮುಂದಕ್ಕೆ ಕಿರಿದಾಗುತ್ತಾ ಬೀಗದ ಕಿಂಡಿಯ ರೂಪ. ಮುಂತುದಿಯ ತ್ರಿಜ್ಯ 10 ಸೆಂ.ಮೀ.ಗೆ ಇಳಿದರೆ 3 ಮಿ.ಮೀ. ಪಟ್ಟಿಯ ಹಿಗ್ಗೂ ನೂರಕ್ಕೆ 1.5 ಆಗಿಬಿಡುತ್ತದೆ. ಇಲ್ಲಿ ಮೂರನೆಯ ದಾರಿ ಗೆಲ್ಲುತ್ತದೆ: ಬಾಗಿಸುವುದನ್ನೇ ಬಿಟ್ಟು, ಬೇಕಾದ ಆಕಾರವನ್ನು ಪ್ಲೈವುಡ್ಡಿನಿಂದ ಕೊಯ್ಯುವುದು. ಒಂದೇ ಹಲಗೆಯಿಂದ ಬಳೆ ಕೊಯ್ದರೆ ಎಳೆ ಅಡ್ಡ ಬರುವ ಎರಡು ಕಡೆ ಬಿಸ್ಕತ್ತಿನಂತೆ ಮುರಿಯುತ್ತದೆ. ಪ್ಲೈವುಡ್ಡಿನ ಪದರಗಳ ಎಳೆ ಒಂದಕ್ಕೊಂದು ಅಡ್ಡವಾಗಿರುವುದರಿಂದ ಆ ದೋಷವಿಲ್ಲ. ಎರಡು ಮೂರು ಕಿರಿದಾದ ಬಳೆಗಳನ್ನು ಪೇರಿಸಿದರೆ ಕಂಠ, ಅದರ ಮೇಲೆ ಸುತ್ತಲೂ 2 ಸೆಂ.ಮೀ.ನಷ್ಟು ಹೊರಚಾಚುವ ಅಗಲ ಬಳೆ ಕೂರಿಸಿದರೆ ತುಟಿ. ಬೀಗದಕಿಂಡಿ ಬಾಯಿ ಜನಪ್ರಿಯವಾಗಲು ಕಾಲಿನ ಸುಖ ಎಷ್ಟು ಕಾರಣವೋ ಪ್ಲೈವುಡ್ ಮತ್ತು ಫೈಬರ್‌ಗ್ಲಾಸ್ ಅಷ್ಟೇ ಕಾರಣ ಎಂಬುದು ನನ್ನ ಅಭಿಪ್ರಾಯ.

ಕಷ್ಟವಿರುವುದು ಅಂಟಿಸುವಲ್ಲಿ. ಡೆಕ್ಕು ಉಬ್ಬಿದೆ, ಬಳೆಗಳು ಚಪ್ಪಟೆ. ಡೆಕ್ಕಿನ ಉಬ್ಬಿಗೆ ಅವು ಒರಗಿ ಕೂರಬೇಕಾದರೆ ಐದಾರು ಸೆಂ.ಮೀ.ಗೊಂದು ಕ್ಲ್ಯಾಂಪು ಬೇಕು; ಎರಡು ಡಜನ್ ಒಟ್ಟುಮಾಡಿಕೊಂಡರೂ ಸಾಲದು. ಬಿಗಿದಾಗ ಬಳೆಗಳ ನಡುವಿನಿಂದ ಎಪಾಕ್ಸಿ ಜೇನಿನಂತೆ ಉಕ್ಕಿ, ತುಟಿಯಡಿಯ ಸಂದಿಯಲ್ಲಿ ತೊಟ್ಟುಗಟ್ಟುತ್ತದೆ. ಮೆದುವಾಗಿದ್ದಾಗ ಕೈಗವಸು ತೊಟ್ಟ ಬೆರಳಿನಿಂದ ಅದನ್ನು ಸವರಿ ತೆಗೆಯದಿದ್ದರೆ ಮರುದಿನ ಅದು ಕಲ್ಲು. ಆ ಕಿರುಸಂದಿಗೆ ಅರವೂ ಹೋಗದು, ಉಪ್ಪುಕಾಗದವೂ ಹೋಗದು; ಪ್ರತಿ ಸಲ ಬಟ್ಟೆ ಸಿಕ್ಕಿಸುವಾಗಲೂ ಹುರಿ ಅಲ್ಲೇ ತರಚುತ್ತದೆ. ಆದ್ದರಿಂದ ತುಟಿಯ ಕೆಳಮೈಯನ್ನು ಅಂಟಿಸುವ ಮೊದಲೇ ಉಜ್ಜಿ ನುಣುಪು ಮಾಡಿಕೊಳ್ಳುವುದು ಜಾಣತನ.

ಹಳೆಯ ಬಳೆ ಚರ್ಮದ ಬಿಗುವಿನ ಮೇಲೆ ತೇಲುತ್ತಿತ್ತು. ಹೊಸ ಬಳೆ 4 ಮಿ.ಮೀ. ಡೆಕ್ಕಿಗೆ ಶಾಶ್ವತವಾಗಿ ಅಂಟಿ, ತೂತು ಕೊಯ್ದು ದುರ್ಬಲವಾದ ಡೆಕ್ಕಿಗೆ ಪಟ್ಟಿ ಕಟ್ಟಿದಂತೆ ಬಲ ಕೊಡುತ್ತದೆ. ಹತ್ತಿಳಿಯುವಾಗ ಇಡೀ ಮೈಭಾರ ಬೀಳುವುದು ಕಂಠದ ಹಿಂದಂಚಿನ ಮೇಲೆ. ಒಳಗಿನಿಂದ ಗಾಜುನಾರಿನ ಪಟ್ಟಿ ಹಾಸಬೇಕಾದದ್ದು ಮೊದಲು ಅಲ್ಲಿ.

ತುಟಿ ಹೆಚ್ಚು ಚಾಚಿದಷ್ಟೂ ಒಳ್ಳೆಯದೆಂಬ ಭ್ರಮೆಯೂ ಇದೆ. ಅಲೆಗೆ ಕಳಚದ ಬಟ್ಟೆ, ದೋಣಿ ಮಗುಚಿದಾಗ ತನ್ನ ಮುಂದಂಚಿನ ಕುಣಿಕೆ ಎಳೆದೊಡನೆ ಕಳಚಲೇಬೇಕು. ವಾರ್ನಿಷ್ ಬಳಿಯುವ ಮೊದಲು ದೋಣಿಯನ್ನು ಅಂಗಳದಲ್ಲಿಟ್ಟು ಒಳಗೆ ಕೂತು, ಬಟ್ಟೆ ಸಿಕ್ಕಿಸಿ, ಕಣ್ಣು ಮುಚ್ಚಿ ಒಂದೇ ಕೈಯಲ್ಲಿ ಕುಣಿಕೆ ಎಳೆದು ನೋಡಿ. ಬರದಿದ್ದರೆ ತುಟಿಯನ್ನು ಅಂದೇ ಕೀಸಿ ತಗ್ಗಿಸಿ.