ಅಮೆರಿಕದ ಕಾಲೇಜು ಕ್ರೀಡಾ ವಿದ್ಯಾರ್ಥಿವೇತನ

ಕಾಲೇಜು ಕ್ರೀಡಾ ವಿದ್ಯಾರ್ಥಿವೇತನವು ಅಮೆರಿಕ ಸಂಯುಕ್ತ ಸಂಸ್ಥಾನದ ಕಾಲೇಜುಗಳು ಮತ್ತು ವಿಶ್ವವಿದ್ಯಾಲಯಗಳು ತಮ್ಮ ತಂಡಗಳಲ್ಲಿ ಆಡುವ ವಿದ್ಯಾರ್ಥಿಗಳಿಗೆ ನೀಡುವ ಧನಸಹಾಯವಾಗಿದೆ. ಬೋಧನಾ ಶುಲ್ಕ, ವಸತಿ, ಊಟ ಹಾಗೂ ಪಠ್ಯಪುಸ್ತಕಗಳ ವೆಚ್ಚವನ್ನು ಇದು ಪೂರ್ಣವಾಗಿ ಅಥವಾ ಭಾಗಶಃ ಭರಿಸುತ್ತದೆ.

ನಿಯಂತ್ರಣ ಸಂಸ್ಥೆಗಳು
ಕಾಲೇಜು ಕ್ರೀಡೆಗಳ ಪ್ರಮುಖ ಸಂಸ್ಥೆಯಾದ ಎನ್‌ಸಿಎಎ 1906ರಲ್ಲಿ ಸ್ಥಾಪನೆಯಾಯಿತು. ಇದರ ಕೇಂದ್ರ ಕಚೇರಿ ಇಂಡಿಯಾನಾಪೊಲಿಸ್ ನಗರದಲ್ಲಿದೆ. 1973ರಲ್ಲಿ ಸದಸ್ಯ ಕಾಲೇಜುಗಳನ್ನು ಮೂರು ವಿಭಾಗಗಳಾಗಿ ವಿಂಗಡಿಸಲಾಯಿತು. ಮೊದಲ ಎರಡು ವಿಭಾಗಗಳ ಕಾಲೇಜುಗಳು ಕ್ರೀಡಾ ವಿದ್ಯಾರ್ಥಿವೇತನ ನೀಡಬಹುದು. ಮೂರನೆಯ ವಿಭಾಗದವು ಕ್ರೀಡೆಯ ಆಧಾರದಲ್ಲಿ ಹಣ ನೀಡುವುದಿಲ್ಲ. ವಿದ್ಯಾಪ್ರತಿಭೆ ಅಥವಾ ಕುಟುಂಬದ ಆರ್ಥಿಕ ಅಗತ್ಯವನ್ನು ಆಧರಿಸಿ ನೆರವಾಗುತ್ತವೆ. ಮೊದಲ ವಿಭಾಗಕ್ಕೆ ಸೇರಿದ್ದರೂ ಐವಿ ಲೀಗ್ ವಿಶ್ವವಿದ್ಯಾಲಯಗಳೂ ಕ್ರೀಡೆಯ ಆಧಾರದಲ್ಲಿ ಹಣ ನೀಡುವುದಿಲ್ಲ; ಕುಟುಂಬದ ಆರ್ಥಿಕ ಅಗತ್ಯವನ್ನು ಮಾತ್ರ ಆಧರಿಸಿ ನೆರವಾಗುತ್ತವೆ. ಎನ್‌ಎಐಎ ಹಾಗೂ ಎರಡು ವರ್ಷದ ಕಾಲೇಜುಗಳ ಎನ್‌ಜೆಸಿಎಎ ಇತರ ಸಂಸ್ಥೆಗಳು. 1972ರ ‘ಟೈಟಲ್ ನೈನ್’ ಕಾನೂನಿನಿಂದ ಮಹಿಳೆಯರಿಗೆ ಅವಕಾಶಗಳು ಹೆಚ್ಚಿದವು.

ಶೈಕ್ಷಣಿಕ ಅರ್ಹತೆ
ಆಟದ ಪ್ರತಿಭೆಯೊಂದೇ ಸಾಲದು. ಎನ್‌ಸಿಎಎ ಅರ್ಹತಾ ಕೇಂದ್ರದಲ್ಲಿ ನೋಂದಾಯಿಸಿಕೊಂಡು, ಪ್ರೌಢಶಾಲಾ ಹಂತದಲ್ಲಿ 16 ಮೂಲ ವಿಷಯಗಳನ್ನು ಪೂರೈಸಿರಬೇಕು. ಈ ವಿಷಯಗಳಲ್ಲಿ ಮೊದಲ ವಿಭಾಗಕ್ಕೆ ಕನಿಷ್ಠ 2.3, ಎರಡನೆಯದಕ್ಕೆ 2.2 ಸರಾಸರಿ ಶ್ರೇಯಾಂಕ ಅಗತ್ಯ. 2023ರಲ್ಲಿ ಎಸ್‌ಎಟಿ ಮತ್ತು ಎಸಿಟಿ ಪರೀಕ್ಷೆಗಳ ಅಂಕಗಳನ್ನು ಈ ಅರ್ಹತೆಯಿಂದ ಕೈಬಿಡಲಾಯಿತು. ಆದರೆ ಪ್ರವೇಶಕ್ಕಾಗಿ ಕೆಲವು ಕಾಲೇಜುಗಳು ಅವನ್ನು ಕೇಳುತ್ತವೆ. ವಿದೇಶಿ ವಿದ್ಯಾರ್ಥಿಗಳು ಒಂಬತ್ತನೆಯ ತರಗತಿಯಿಂದಲೇ ಅಂಕಪಟ್ಟಿಗಳನ್ನು ಒದಗಿಸಬೇಕಾಗುವುದರಿಂದ, ಆ ತರಗತಿಯ ಓದನ್ನು ಅಲಕ್ಷಿಸಿದವರಿಗೆ ಮುಂದೆ ತೊಡಕಾಗುತ್ತದೆ.

ಆಯ್ಕೆಯ ಕ್ರಮ
ತರಬೇತುದಾರರು ವಿದ್ಯಾರ್ಥಿಗಳನ್ನು ಯಾವಾಗ ಸಂಪರ್ಕಿಸಬಹುದು ಎಂಬುದಕ್ಕೆ ಕ್ರೀಡೆಗೆ ತಕ್ಕಂತೆ ನಿಯಮಗಳಿವೆ. ವಿದ್ಯಾರ್ಥಿಯು ತಾನಾಗಿಯೇ ಮೊದಲು ಪತ್ರ ಬರೆಯಲು ಅಡ್ಡಿಯಿಲ್ಲ. ಪತ್ರದೊಂದಿಗೆ ಸ್ಪರ್ಧೆಗಳ ಫಲಿತಾಂಶ, ಆಟದ ದೃಶ್ಯಾವಳಿ ಮತ್ತು ಅಂಕಪಟ್ಟಿಯನ್ನು ಕಳುಹಿಸುವುದು ರೂಢಿ. ಕಾಲೇಜಿನ ಖರ್ಚಿನಲ್ಲಿ ನಡೆಯುವ ಭೇಟಿಯನ್ನು ‘ಅಧಿಕೃತ ಭೇಟಿ’ ಎನ್ನುತ್ತಾರೆ. ತರಬೇತುದಾರರ ಮೌಖಿಕ ಭರವಸೆ ಇಬ್ಬರನ್ನೂ ಬಂಧಿಸುವುದಿಲ್ಲ. ಸಹಿಯಾದ ಲಿಖಿತ ಒಪ್ಪಂದವೇ ಆಧಾರ. ವಿದ್ಯಾರ್ಥಿವೇತನದ ಅವಧಿ, ನವೀಕರಣದ ಷರತ್ತು ಹಾಗೂ ಗಾಯಗೊಂಡಾಗಿನ ವ್ಯವಸ್ಥೆಯನ್ನು ಸಹಿಗೆ ಮುನ್ನ ಓದಿ ತಿಳಿಯುವುದು ಅವಶ್ಯ.

ಇತ್ತೀಚಿನ ಬದಲಾವಣೆಗಳು
2021ರಿಂದ ಕ್ರೀಡಾಪಟುಗಳು ತಮ್ಮ ಹೆಸರು ಮತ್ತು ಚಿತ್ರದ ಬಳಕೆಯಿಂದ ಆದಾಯ ಗಳಿಸಬಹುದು. ವಿದ್ಯಾರ್ಥಿ ವೀಸಾ ಹೊಂದಿದ ವಿದೇಶಿಯರಿಗೆ ಮಾತ್ರ ಉದ್ಯೋಗ ನಿರ್ಬಂಧಗಳು ಅನ್ವಯಿಸುವುದರಿಂದ ಇದು ಸುಲಭವಲ್ಲ. 2025ರಲ್ಲಿ ನ್ಯಾಯಾಲಯವು ಅಂಗೀಕರಿಸಿದ ಒಪ್ಪಂದದಂತೆ, ಅದಕ್ಕೆ ಒಳಪಟ್ಟ ಕಾಲೇಜುಗಳಲ್ಲಿ ವಿದ್ಯಾರ್ಥಿವೇತನಗಳ ಸಂಖ್ಯೆಯ ಬದಲಿಗೆ ತಂಡದ ಸದಸ್ಯರ ಸಂಖ್ಯೆಗೆ ಮಿತಿ ಬಂದಿದೆ.

ಭಾರತೀಯರು
ಟೆನಿಸ್ ಆಟಗಾರ ಸೋಮದೇವ್ ದೇವವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯದ ಪರ 2007 ಮತ್ತು 2008ರಲ್ಲಿ ಎನ್‌ಸಿಎಎ ಸಿಂಗಲ್ಸ್ ಪ್ರಶಸ್ತಿ ಗೆದ್ದರು. ಎತ್ತರ ಜಿಗಿತದ ತೇಜಸ್ವಿನ್ ಶಂಕರ್ ಕನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದ ಪರ 2018 ಮತ್ತು 2022ರಲ್ಲಿ ಹೊರಾಂಗಣ ಕೂಟದ ಚಾಂಪಿಯನ್ ಆದರು.