ರಾಟೆ ಕೊಳ್ಳುವ ಮುನ್ನ

ಬೈಟ್‌ಕಾಸ್ಟಿಂಗ್ ರೀಲು ಕೊಳ್ಳಹೊರಟವರ ಕಣ್ಣಿಗೆ ಮೊದಲು ಬೀಳುವುದು ಅಂಕಿಗಳು. ಹಲ್ಲುಗಾಲಿಗಳ ಅನುಪಾತ 6.3:1 ಅಥವಾ 7.3:1, ಡ್ರ್ಯಾಗ್ 5 ಕಿಲೊ, ತೂಕ 200 ಗ್ರಾಂ, ಹಿಡಿಯುವ ದಾರ 100 ಮೀಟರ್. ಎರಡು ಡಬ್ಬಿಗಳನ್ನು ಅಕ್ಕಪಕ್ಕದಲ್ಲಿಟ್ಟು ಈ ಅಂಕಿಗಳನ್ನು ತೂಗಿ ನೋಡುವುದೇ ಹೋಲಿಕೆಯೆಂದು ನಾವು ಭಾವಿಸುತ್ತೇವೆ. ಆದರೆ ಆ ಒಂದೊಂದು ಅಂಕಿಯ ಹಿಂದೆಯೂ ಯಾವುದೋ ಒಂದು ನದಿ, ಯಾವುದೋ ಒಂದು ಮೀನು ಇದೆ. ಬಹುಪಾಲು ಆ ನದಿ ನಮ್ಮದಲ್ಲ, ಮೀನೂ ನಮ್ಮದಲ್ಲ. ನಮ್ಮ ಮೀನಿನ ಕಥೆಯೇ ಬೇರೆ, ಮತ್ತು ಅದರ ಒಂದು ಎಳೆ ನಾವು ಬಾಳುತ್ತಿರುವ ಈ ಪುಣೆಯಿಂದಲೇ ಹೊರಡುತ್ತದೆ.

ಗಾಳ ಹಾಕುವುದನ್ನು ಹೊಟ್ಟೆಪಾಡಾಗಿ ಅಲ್ಲದೆ ವಿನೋದವಾಗಿ ಕಂಡು ಬರೆದಿಟ್ಟವರಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬಹಳ ಮುಂಚಿನವನು. ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ಅವನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಮೀನಿನ ಜಾತಿಗಳು, ಅವುಗಳನ್ನು ಒಂದೆಡೆಗೆ ಸೆಳೆಯಲು ಹಾಕಬೇಕಾದ ತಿನಿಸು, ದಾರ ಮತ್ತು ಕೋಲು ಇವೆಲ್ಲ ಅಲ್ಲಿ ಬರುತ್ತವೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ ಕಳೆದ ಶತಮಾನದ ನಡುವೆ ಈ ಅಧ್ಯಾಯವನ್ನು ವಿಜ್ಞಾನಿಯ ಕಣ್ಣಿನಿಂದ ಓದಿ ವಿವರಿಸಿದರು. ಸೋಮೇಶ್ವರನ ಶತಮಾನ ಮುಗಿಯುವ ಹೊತ್ತಿಗೆ ಚೀನದ ಮಾ ಯುವಾನ್ ಒಂದು ಚಿತ್ರ ಬರೆದ. ಚಳಿಗಾಲದ ಸರೋವರ, ಪುಟ್ಟ ದೋಣಿ, ಒಬ್ಬನೇ ಗಾಳಗಾರ. ಅವನ ಕೋಲಿಗೆ ಕಟ್ಟಿದ ಚಿಕ್ಕ ರಾಟೆ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮೀನಿನ ರಾಟೆಯ ಅತಿ ಹಳೆಯ ಚಿತ್ರಗಳಲ್ಲಿ ಅದೊಂದು.

ಇಂದು ಬೈಟ್‌ಕಾಸ್ಟರ್ ಎನ್ನಿಸಿಕೊಳ್ಳುವ ಯಂತ್ರ ಹುಟ್ಟಿದ್ದು ಮಾತ್ರ ಗಡಿಯಾರದ ಅಂಗಡಿಯಲ್ಲಿ. ಹಿಡಿಯ ಒಂದು ಸುತ್ತಿಗೆ ಉರುಳೆ ಹಲವು ಸುತ್ತು ತಿರುಗುವ ರಾಟೆ ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲೇ ಇತ್ತಾದರೂ ಅದು ಒರಟಾಗಿತ್ತು, ಹಲ್ಲುಗಳು ಬೇಗ ಸವೆಯುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟಕಿಯ ಪ್ಯಾರಿಸ್ ಎಂಬ ಊರಿನ ಗಡಿಯಾರ ರಿಪೇರಿಗಾರ ಜಾರ್ಜ್ ಸ್ನೈಡರ್ ಅದೇ ತತ್ತ್ವವನ್ನು ತನ್ನ ಕಸುಬಿನ ನಯದಿಂದ ಮಾಡಿ ತೋರಿಸಿದ. ಅವನ ರಾಟೆಯಲ್ಲಿ ಹಿಡಿಯ ಒಂದು ಸುತ್ತಿಗೆ ಉರುಳೆಗೆ ನಾಲ್ಕು ಸುತ್ತು. ಫ್ರಾಂಕ್‌ಫರ್ಟ್ ಎಂಬ ನೆರೆಯೂರಿನ ಮೀಕ್ ಸಹೋದರರು, ಅವರೂ ಗಡಿಯಾರದವರೇ, ಅದನ್ನು ಇನ್ನಷ್ಟು ನೇರ್ಪಡಿಸಿದರು. ಮುಂದೆ 1921ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ ಆಬು ಕಂಪನಿಯ ಮೊದಲ ಹೆಸರಿನಲ್ಲೇ 'ಗಡಿಯಾರ ಕಾರ್ಖಾನೆ' ಎಂಬ ಮಾತಿದೆ. ಜೇಬುಗಡಿಯಾರ, ಟ್ಯಾಕ್ಸಿಯ ಮೀಟರು ಮಾಡುತ್ತಿದ್ದ ಆ ಕಾರ್ಖಾನೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೀಟರು ಕೊಳ್ಳುವವರಿಲ್ಲದೆ ರಾಟೆಯತ್ತ ತಿರುಗಿತು. 1950ರ ದಶಕದಲ್ಲಿ ಅದು ಹೊರತಂದ ಅಂಬಾಸಡರ್ ರೀಲು ಲೋಕಪ್ರಸಿದ್ಧವಾಯಿತು. ಜಪಾನಿನ ಶಿಮಾನೋ ಕಂಪನಿಯೂ 1921ರದೇ. ಅದು ಬಂದದ್ದು ಸೈಕಲ್ಲಿನ ಫ್ರೀವೀಲಿನಿಂದ.

ಹೋಲಿಕೆಗೆಂದು ಸಾಮಾನ್ಯವಾಗಿ ಎದುರಿಗಿಡುವ ಸ್ಪಿನ್ನಿಂಗ್ ರೀಲಿನ ಮೂಲ ಉಣ್ಣೆಯ ಗಿರಣಿಯಲ್ಲಿದೆ. ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ 1905ರಲ್ಲಿ ಪೇಟೆಂಟ್ ಪಡೆದ ರಾಟೆಯಲ್ಲಿ ಉರುಳೆ ತಿರುಗುವುದೇ ಇಲ್ಲ. ಗಿರಣಿಯ ಕದಿರಿನ ತುದಿಯಿಂದ ನೂಲು ಜಾರುವಂತೆ ದಾರ ಅದರ ತುದಿಯಿಂದ ಜಾರಿ ಹೋಗುತ್ತದೆ. ಕಲಿಯಲು ಸುಲಭ, ಹಗುರವಾದ ಎರೆಯನ್ನೂ ಎಸೆಯಬಹುದು. ಬೈಟ್‌ಕಾಸ್ಟರಿನಲ್ಲಿ ಹಾಗಲ್ಲ. ಎರೆ ಹಾರುವಾಗ ಅದು ಎಳೆದಂತೆ ಉರುಳೆಯೂ ತಿರುಗಬೇಕು. ಎರೆಯ ವೇಗ ಕುಗ್ಗಿದರೂ ಉರುಳೆ ತನ್ನ ಓಟ ಬಿಡದಿದ್ದರೆ ದಾರವೆಲ್ಲ ಗೋಜಲಾಗಿ, ಅದನ್ನು ಬಿಡಿಸುವುದರಲ್ಲೇ ಸಂಜೆಯಾಗುತ್ತದೆ. ಆ ಓಟಕ್ಕೆ ಕಡಿವಾಣ ಹಾಕಲೆಂದೇ ಮೊದಲು ಕೇಂದ್ರಾಪಗಾಮಿ ಬ್ರೇಕು, ಆಮೇಲೆ 1980ರ ದಶಕದಲ್ಲಿ ಆಯಸ್ಕಾಂತದ ಬ್ರೇಕು ಬಂದವು. ಇಷ್ಟು ಕಿರುಕುಳವನ್ನು ಸಹಿಸಿಯೂ ಜನ ಅದನ್ನು ಬಯಸುವುದಕ್ಕೆ ಕಾರಣ, ಭಾರವಾದ ಎರೆಯನ್ನು ಕರಾರುವಾಕ್ಕಾಗಿ ಎಸೆಯುವುದಕ್ಕೂ ಭಾರವಾದ ಮೀನನ್ನು ನೇರವಾಗಿ ಎಳೆಯುವುದಕ್ಕೂ ಅದೇ ತಕ್ಕದ್ದು.

ಭಾರವಾದ ಮೀನು ಎಂದರೆ ನಮ್ಮಲ್ಲಿ ಮಹಸೀರ್, ಕನ್ನಡದ ಬಾಯಲ್ಲಿ ಬಿಳಿಮೀನು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನೆಂದು ಭಕ್ತರು ಮಂಡಕ್ಕಿ ಹಾಕುವುದು ಈ ಕುಲದ ಮೀನುಗಳಿಗೇ. ಇಂಗ್ಲಿಷರ ಗಾಳದ ಸಾಹಿತ್ಯದಲ್ಲಿ ಇದಕ್ಕೆ ದೊಡ್ಡ ಪೀಠ ಹಾಕಿಕೊಟ್ಟವನು ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸುಲಿವನ್ ಥಾಮಸ್. ಭಾರತದ ಗಾಳವಿದ್ಯೆಯ ಬಗೆಗೆ ಅವನು ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಿಂದಲೇ ಪ್ರಕಟವಾಯಿತು. ತೂಕಕ್ಕೆ ತೂಕ ನೋಡಿದರೆ ಮಹಸೀರ್ ಸಾಲ್ಮನ್ನಿಗಿಂತ ಹೆಚ್ಚಿನ ಆಟ ತೋರಿಸುತ್ತದೆ ಎಂಬುದು ಅವನ ತೀರ್ಮಾನ. ಸಾಲ್ಮನ್ನನ್ನು ಬಹುಮಟ್ಟಿಗೆ ಪೂಜಿಸುತ್ತಿದ್ದ ಸಮಾಜದಲ್ಲಿ ಅದು ಸಣ್ಣ ಮಾತಲ್ಲ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಸೀರ್ 120 ಪೌಂಡ್ ತೂಗಿತು. ಸುಮಾರು 54 ಕಿಲೊ.

ಇಲ್ಲಿಂದ ನೋಡಿದರೆ ಡಬ್ಬಿಯ ಮೇಲಿನ ಅಂಕಿಗಳು ಬೇರೆಯಾಗಿಯೇ ಕಾಣುತ್ತವೆ. ಇಂದು ಮಾರುಕಟ್ಟೆ ತುಂಬಿರುವ ಚಪ್ಪಟೆ ಮೈಯ ಬೈಟ್‌ಕಾಸ್ಟರ್‌ಗಳು ಅಮೆರಿಕದ ಬಾಸ್ ಮೀನಿಗಾಗಿ ರೂಪುಗೊಂಡವು. ನಿಂತ ನೀರು, ಕೆಲವೇ ಕಿಲೊ ತೂಗುವ ಮೀನು, ದಿನಕ್ಕೆ ನೂರಾರು ಎಸೆತ. ಅಲ್ಲಿ ಹಗುರತನವೂ ವೇಗವೂ ಗುಣಗಳು. ಕಾವೇರಿಯಲ್ಲಿ ಗಾಳದವರು ಎಸೆಯುತ್ತಿದ್ದದ್ದು ಬೇಯಿಸಿದ ರಾಗಿಹಿಟ್ಟಿನ ಉಂಡೆ. (ನಮ್ಮ ಮುದ್ದೆಗೆ ಊಟದೆಲೆಯ ಆಚೆಗೂ ಇಂಥ ಕೀರ್ತಿ ಇದ್ದದ್ದು ಎಷ್ಟು ಮಂದಿಗೆ ಗೊತ್ತೋ.) ಅದನ್ನು ಕಚ್ಚಿದ ಮೀನು ಬಂಡೆಗಳ ನಡುವಿನ ಸೆಳವಿಗೆ ನುಗ್ಗಿದರೆ 100 ಮೀಟರ್ ದಾರ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಖಾಲಿ. ಅಲ್ಲಿ ಬೇಕಾದದ್ದು 200 ಮೀಟರ್ ದಪ್ಪ ದಾರ ಹಿಡಿಯುವ ಉರುಳೆ, ಕಾದರೂ ತಡವರಿಸದ ಡ್ರ್ಯಾಗ್, ಕಡಿಮೆ ಅನುಪಾತದ ಹಲ್ಲುಗಾಲಿ. ಅನುಪಾತ ಹೆಚ್ಚಿದಷ್ಟು ದಾರ ಬೇಗ ಸುತ್ತಿಕೊಳ್ಳುತ್ತದೆ, ಎಳೆಯುವ ಬಲ ಅಷ್ಟೇ ಕುಗ್ಗುತ್ತದೆ. ಏರಿನಲ್ಲಿ ಸೈಕಲ್ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರಿಂಗುಗಳ ಸಂಖ್ಯೆಗೆ ನಾನಂತೂ ಹೆಚ್ಚು ಬೆಲೆ ಕೊಡಲಾರೆ. ಡ್ರ್ಯಾಗಿನ ನಯ ಮಾತ್ರ ಶೋಕಿಯ ವಿಷಯವಲ್ಲ. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವ ಪದ್ಧತಿಯಲ್ಲಿ ಸೆಣಸಾಟ ಉದ್ದವಾದಷ್ಟೂ ಮೀನು ಬಸವಳಿಯುತ್ತದೆ, ಬಿಟ್ಟ ಮೇಲೆ ಅದು ಬದುಕುವ ಭರವಸೆ ಅಷ್ಟಷ್ಟೇ ಕಡಿಮೆಯಾಗುತ್ತದೆ.

ಈಗ ಪುಣೆಯ ಎಳೆಗೆ ಬರೋಣ. ಮುಂಬಯಿ ಸರ್ಕಾರಕ್ಕಾಗಿ ದಖ್ಖನ್ನಿನ ಅಂಕಿಅಂಶ ಸಂಗ್ರಹಿಸುತ್ತಿದ್ದ ಸೇನಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್ ಇಲ್ಲಿನ ಮೀನುಗಳನ್ನೂ ಒಂದೊಂದಾಗಿ ಬರೆದಿಟ್ಟ. ಮುಳಾ-ಮುಠಾ ನದಿಯಲ್ಲಿ ಕಂಡ ಮಹಸೀರಿಗೆ ಅವನು 1839ರಲ್ಲಿ ಕೊಟ್ಟ 'ಖುದ್ರೀ' ಎಂಬ ಹೆಸರೇ ಇಂದಿಗೂ ವಿಜ್ಞಾನದಲ್ಲಿ ನಿಂತಿದೆ: ಟಾರ್ ಖುದ್ರೀ, ದಖ್ಖನ್ನಿನ ಮಹಸೀರ್. ಇಂದು ಬಂಡ್ ಗಾರ್ಡನ್ನಿನ ಬಳಿ ನಿಂತು ನೀರು ನೋಡಿದವರಿಗೆ ತಿಳಿನೀರನ್ನು ಬೇಡುವ ಆ ಮೀನು ಇಲ್ಲಿ ಆಡುತ್ತಿತ್ತೆಂದು ನಂಬುವುದು ಕಷ್ಟ. ಮುಠೆಯ ನೀರು ಭೀಮೆಗೆ ಸೇರಿ, ಕನ್ನಡನಾಡನ್ನು ಹಾದು ಕೃಷ್ಣೆಯನ್ನು ಕೂಡುತ್ತದೆ. ಅಲ್ಲಿಯವರೆಗೆ ಈ ಮೀನು ತನ್ನ ಮನೆಯಲ್ಲೇ ಇದೆ. ಕಾವೇರಿ ಬೇರೆ ಜಲಾನಯನ. ಅಲ್ಲಿನ ದೈತ್ಯ ಮಹಸೀರ್ ಕಿತ್ತಳೆ ಬಣ್ಣದ ರೆಕ್ಕೆಯದು, ಬೆನ್ನಿನ ಮೇಲೆ ಗೂನಿನಂಥ ಉಬ್ಬು ಇರುವುದು.

ಅಣೆಕಟ್ಟುಗಳಿಂದಲೂ ಡೈನಮೈಟಿನಿಂದಲೂ ಮಹಸೀರ್ ಸೊರಗುತ್ತಿರುವುದನ್ನು ಕಂಡು ಲೋಣಾವಳೆಯಲ್ಲಿ ಟಾಟಾ ವಿದ್ಯುತ್ ಕಂಪನಿಯವರು ಮರಿ ಮಾಡಿಸುವ ಕೇಂದ್ರವೊಂದನ್ನು ಕಟ್ಟಿದರು. ಸಿ. ವಿ. ಕುಲಕರ್ಣಿಯವರು ಟಾರ್ ಖುದ್ರೀಯ ಮೊಟ್ಟೆ ಮತ್ತು ಮರಿಗಳ ಬೆಳವಣಿಗೆಯನ್ನು ಕುರಿತು 1971ರಲ್ಲಿ ಪ್ರಕಟಿಸಿದ ಅಧ್ಯಯನ ಆ ಕೆಲಸದ ಅಡಿಗಲ್ಲುಗಳಲ್ಲೊಂದು. ಅದು ದೊಡ್ಡ ಸಾಧನೆಯೇ, ಅದರಲ್ಲಿ ಎರಡು ಮಾತಿಲ್ಲ. ಲೋಣಾವಳೆಯ ಮರಿಗಳು ಹಲವು ರಾಜ್ಯಗಳಿಗೆ ಹೋದವು. ಅದೇ ಕಾಲಕ್ಕೆ, 1977ರಲ್ಲಿ, ಇಂಗ್ಲೆಂಡಿನಿಂದ ಬಂದ ಗಾಳಗಾರರ ತಂಡವೊಂದು ಕಾವೇರಿಯಲ್ಲಿ ದೈತ್ಯ ಮೀನುಗಳು ಇನ್ನೂ ಇವೆಯೆಂದು ಲೋಕಕ್ಕೆ ಸಾರಿತು. ಬೆಂಗಳೂರಿನ ದಕ್ಷಿಣ ಭಾರತ ವನ್ಯಜೀವಿ ಸಂಘ ನದಿಯ ಕೆಲವು ಭಾಗಗಳನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತು, ಹಿಡಿದು ಬಿಡುವ ಪದ್ಧತಿಯನ್ನು ತಂದಿತು. ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಶಿಬಿರಗಳೆದ್ದವು. ಮೀನಿನ ಸಂಖ್ಯೆ ಹೆಚ್ಚಲಿ ಎಂಬ ಸದುದ್ದೇಶದಿಂದಲೇ ಲೋಣಾವಳೆಯ ಮರಿಗಳನ್ನು ಕಾವೇರಿಗೂ ಬಿಡಲಾಯಿತು. ಮಹಸೀರ್ ಎಂದರೆ ಮಹಸೀರ್ ಎಂಬ ಕಾಲ ಅದು. ಎರಡು ನದಿಗಳ ಎರಡು ಮೀನು ಎಂದು ಎಣಿಸಿ ನೋಡಿದವರು ವಿರಳ.

ಲೆಕ್ಕ ಸಿಕ್ಕಿದ್ದು ಗಾಳದವರ ಪುಸ್ತಕದಲ್ಲೇ. ಗಾಲಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ವಿವರಗಳನ್ನು ಬರೆದಿಡಲಾಗಿತ್ತು. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್, ರಾಬರ್ಟ್ ಬ್ರಿಟನ್ ಎಂಬ ವಿಜ್ಞಾನಿಗಳು ಅದನ್ನು ವಿಶ್ಲೇಷಿಸಿ 2015ರಲ್ಲಿ ಪ್ರಕಟಿಸಿದರು. ಒಟ್ಟು ಮೀನಿನ ಸಂಖ್ಯೆ ಏರಿತ್ತು. ಹಾಗೆ ಏರಿದ್ದು ನೀಲಿ ರೆಕ್ಕೆಯ ಮೀನು, ಅಂದರೆ ಹೊರಗಿನಿಂದ ಬಂದದ್ದು. ಗೂನುಬೆನ್ನಿನ ಮೂಲನಿವಾಸಿ ವರ್ಷವರ್ಷಕ್ಕೂ ಅಪರೂಪವಾಗುತ್ತ ಹೋಗಿತ್ತು. ಇನ್ನೂ ವಿಚಿತ್ರವೆಂದರೆ ಥಾಮಸನ ಪುಸ್ತಕ ಬಂದು 145 ವರ್ಷ ಕಳೆದರೂ ಆ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರಿರಲಿಲ್ಲ. ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ವರ್ಣಿತವಾಗಿದ್ದ ಟಾರ್ ರೆಮಾದೇವಿಯೇ ಕಾವೇರಿಯ ಗೂನುಬೆನ್ನಿನ ಮಹಸೀರ್ ಎಂದು ಗೊತ್ತಾದದ್ದು 2018ರಲ್ಲಿ. ಹೆಸರು ಸಿಕ್ಕ ವರ್ಷವೇ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ಅಷ್ಟರಲ್ಲಿ ಕಾವೇರಿ ಅಭಯಾರಣ್ಯದೊಳಗೆ ಗಾಳ ಹಾಕುವುದು ವನ್ಯಜೀವಿ ಕಾಯ್ದೆಯಡಿ ಬೇಟೆಯೆಂದೇ ಪರಿಗಣಿತವಾಗಿ ನಿಂತುಹೋಗಿತ್ತು. ಮೀನಿಗೆ ಇದರಿಂದ ಒಳಿತಾಯಿತೇ ಎಂಬುದರ ಬಗೆಗೆ ಎರಡು ಪಕ್ಷಗಳಿವೆ. ಗಾಳದವರಿದ್ದಾಗ ನದಿಯಲ್ಲಿ ಕಾವಲಿತ್ತು, ಲೆಕ್ಕವಿತ್ತು ಎನ್ನುವವರ ವಾದದಲ್ಲಿ ನನಗೆ ಹುರುಳು ಕಾಣುತ್ತದೆ. ಆದರೆ ಹೊರಗಿನ ಮೀನನ್ನು ತಂದು ಬಿಟ್ಟದ್ದೂ ಅದೇ ಕಾಳಜಿಯ ಕೈಗಳೇ ಎಂಬುದನ್ನು ಆ ವಾದ ಸಾಮಾನ್ಯವಾಗಿ ಹಾರಿಸಿಬಿಡುತ್ತದೆ.

ಆದ್ದರಿಂದ ಪುಣೆಯ ಸುತ್ತಿನ ಜಲಾಶಯಗಳಿಗೆಂದು ರೀಲು ಕೊಳ್ಳುವವರು ಆ ನೀರಿನ ಮೀನಿನ ಹಕ್ಕು ಯಾರ ಗುತ್ತಿಗೆಯಲ್ಲಿದೆ, ಅನುಮತಿ ಯಾರಿಂದ ಪಡೆಯಬೇಕು ಎಂಬುದನ್ನು ಮೊದಲು ವಿಚಾರಿಸಲಿ. ಆಮೇಲೆ ಅಲ್ಲಿ ಯಾವ ಮೀನಿದೆ ಎಂದು ತಿಳಿಯಲಿ. ಕೆರೆಯ ಸಣ್ಣ ಮೀನಿಗೆ ಇಲ್ಲಿಂಗ್‌ವರ್ತನ ಗಿರಣಿರಾಟೆ ಧಾರಾಳವಾಗಿ ಸಾಕು. ಮಹಸೀರ್ ಇರುವ ಹರಿವ ನೀರಾದರೆ ದುಂಡು ಮೈಯ, 5:1ರ ಆಸುಪಾಸಿನ ಅನುಪಾತದ, ಹೆಚ್ಚು ದಾರ ಹಿಡಿಯುವ ಬೈಟ್‌ಕಾಸ್ಟರ್ ನೋಡಬೇಕು. ಅಂಗಡಿಯಲ್ಲೇ ದಾರ ಕಟ್ಟಿಸಿ, ಡ್ರ್ಯಾಗನ್ನು ಅರ್ಧ ಬಿಗಿಮಾಡಿ, ಕೈಯಿಂದ ನಿಧಾನವಾಗಿ ಎಳೆದು ನೋಡಬೇಕು. ದಾರ ಜಗ್ಗುಜಗ್ಗಾಗಿ ಬಂದರೆ ಡಬ್ಬಿಯ ಮೇಲೆ ಏನು ಬರೆದಿದ್ದರೂ ಅದನ್ನು ಅಲ್ಲೇ ಬಿಟ್ಟು ಬರಬೇಕು.